ಸ್ವೀಡನ್ನಿನಲ್ಲಿ ಎಲ್ಲರಿಗೂ ಏಕವಚನವೇ?

ನಮಸ್ಕಾರ ಅಮ್ಮ,

ಸ್ಟಾಕ್‌ಹೋಮ್‌ನಲ್ಲಿ ಕೆಲಸಕ್ಕಿರುವ ಮಗ ತನ್ನ ಮೇಲಧಿಕಾರಿಯನ್ನೂ ಡಾಕ್ಟರನ್ನೂ ಎಪ್ಪತ್ತು ದಾಟಿದ ಮನೆ ಮಾಲೀಕರನ್ನೂ ಹೆಸರು ಹಿಡಿದು, ಏಕವಚನದಲ್ಲೇ ಮಾತಾಡಿಸುತ್ತಾನೆ ಅಂತ ಬರೆದಿದ್ದೀರಿ. 'ಹಿರಿಯರು ಅನ್ನೋ ಮರ್ಯಾದೆಯೇ ಅಲ್ಲಿ ಹೊರಟುಹೋಯಿತೇ? ನಾನು ಅಲ್ಲಿಗೂ ಜರ್ಮನಿಗೂ ಹೋಗುವವಳಿದ್ದೇನೆ, ಹೇಗೆ ಮಾತಾಡಲಿ?' ಎಂದೂ ಕೇಳಿದ್ದೀರಿ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಹೀಗನ್ನಿಸುವುದು ಸಹಜ. ನಮ್ಮಲ್ಲಿ 'ಏಕವಚನದಲ್ಲಿ ಮಾತಾಡಿದ' ಅಂದರೆ ಜಗಳಕ್ಕೇ ನಿಂತ ಅಂತ ಲೆಕ್ಕ.

ಆದರೆ ಸ್ವೀಡನ್ನಿನವರು ಏನನ್ನು ಬಿಟ್ಟು ಇದಕ್ಕೆ ಬಂದರು ಅನ್ನುವುದನ್ನು ಸ್ವಲ್ಪ ನೋಡಿ. ಅಲ್ಲಿ 'ದು' ಅಂದರೆ ನೀನು, 'ನಿ' ಅಂದರೆ ನೀವು. ಹಿಂದೆ 'ದು' ಮನೆಯವರಿಗೆ, ಮಕ್ಕಳಿಗೆ, ಆಪ್ತರಿಗೆ ಮಾತ್ರ. ಹಾಗಾದರೆ ಉಳಿದವರಿಗೆಲ್ಲ 'ನಿ' ಅಲ್ವಾ ಅಂದರೆ, ಅದೂ ಇಲ್ಲ. ದೊಡ್ಡ ಮನೆತನದವರು ಯಾವ ಪದವಿಯೂ ಇಲ್ಲದ ಆಳುಕಾಳುಗಳಿಗೆ 'ನಿ' ಅನ್ನುತ್ತಿದ್ದರಿಂದ ಆ ಮಾತಿಗೇ ತಿರಸ್ಕಾರದ ವಾಸನೆ ಅಂಟಿತ್ತು. ಉಳಿದ ದಾರಿ ಒಂದೇ: ಎದುರಿಗಿದ್ದವರನ್ನೇ ಬೇರೆ ಯಾರೋ ಅನ್ನುವ ಹಾಗೆ, ಹುದ್ದೆ ಹೇಳಿ ಮಾತಾಡಿಸುವುದು. ಡಾಕ್ಟರ ಮುಖ ನೋಡುತ್ತಲೇ 'ಡಾಕ್ಟರು ಕಾಫಿ ತೆಗೆದುಕೊಳ್ಳುತ್ತಾರೆಯೇ?' ಅನ್ನಬೇಕು. ಮ್ಯಾನೇಜರಿಗೆ ಮ್ಯಾನೇಜರು, ಪ್ರೊಫೆಸರಿಗೆ ಪ್ರೊಫೆಸರು. ಹೆಂಡತಿಯಾದವಳಿಗೆ ಗಂಡನ ಹುದ್ದೆಯೇ ಸ್ತ್ರೀಲಿಂಗವಾಗಿ ಬರುತ್ತಿತ್ತು.

ಹುದ್ದೆ ಗೊತ್ತಿಲ್ಲದಿದ್ದರೆ? ಆಗ ಯಾರನ್ನೂ ಕರೆಯದೆ ಮಾತು ತೇಲಿಸಬೇಕು. ಅಂಗಡಿಯವನು 'ಏನು ಬೇಕಾಗಿತ್ತು?' ಎಂದು ಸುಮ್ಮನಾಗುತ್ತಿದ್ದ. ಇದು ನಮಗೂ ಗೊತ್ತಿರುವ ಉಪಾಯವೇ. ನೀನು ಅನ್ನಲೋ ನೀವು ಅನ್ನಲೋ ತಿಳಿಯದಾಗ ನಾವೂ 'ಊಟ ಆಯ್ತಾ?', 'ಯಾವೂರಾಯ್ತು?' ಅಂತ ಜಾರಿಕೊಳ್ಳುತ್ತೇವೆ. ನಮಗೆ ಅದು ಯಾವಾಗಲೋ ಒಮ್ಮೆ. ಅವರಿಗೆ ದಿನವಿಡೀ ಅದೇ ಕಸರತ್ತು. ಹುದ್ದೆ ಬಿಟ್ಟು 'ದು'ಗೆ ಇಳಿಯೋಣ ಅಂತ ಯಾರಾದರೂ ಬಾಯಿಬಿಟ್ಟು ಕೇಳಬೇಕಿತ್ತು. ಅದನ್ನು ಕೇಳುವ ಹಕ್ಕು ಸಾಮಾನ್ಯವಾಗಿ ಹಿರಿಯರದು.

1967ರಲ್ಲಿ ಬ್ರೂರ್ ರೆಕ್ಸೆಡ್ ಅನ್ನುವವರು ಸರ್ಕಾರದ ವೈದ್ಯಕೀಯ ಆಡಳಿತಕ್ಕೆ ಮುಖ್ಯಸ್ಥರಾಗಿ ಬಂದರು. ಬಂದವರೇ, ಸಿಬ್ಬಂದಿಯನ್ನೆಲ್ಲ 'ದು' ಅಂತಲೇ ಕರೆಯುತ್ತೇನೆ, ನನ್ನನ್ನೂ ಬ್ರೂರ್ ಅಂತ ಕರೆದರೆ ಸಾಕು ಎಂದು ಹೇಳಿಬಿಟ್ಟರು. ಗಾಳಿ ಆಗಲೇ ಆ ಕಡೆ ತಿರುಗಿತ್ತು, ಅವರ ಮಾತು ದೊಡ್ಡ ಸುದ್ದಿಯಾಯಿತು. 1969ರಲ್ಲಿ ಪ್ರಧಾನಿಯಾದ ಉಲೋಫ್ ಪಾಲ್ಮೆ ಪತ್ರಕರ್ತರ ಜೊತೆ 'ದು' ಅಂತಲೇ ಮಾತಾಡುತ್ತಿದ್ದರು. ಯಾವ ಕಾನೂನೂ ಬರಲಿಲ್ಲ. ಜನ ತಾವಾಗಿಯೇ ಕೆಲವೇ ವರ್ಷಗಳಲ್ಲಿ ಬದಲಾದರು. ರಾಜಮನೆತನಕ್ಕೆ ಮಾತ್ರ ಹಳೆಯ ರೀತಿ ಉಳಿಯಿತು.

ಹಾಗಾಗಿ ನಿಮ್ಮ ಮಗ ಮನೆ ಮಾಲೀಕರನ್ನು 'ದು' ಅಂದರೆ ಅದು ಹಗುರ ಮಾಡಿದಂತಲ್ಲ. ಅವರೂ ಇವನಿಗೆ ಅದನ್ನೇ ಅನ್ನುತ್ತಾರೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಒಬ್ಬ ನೀವು ಅನ್ನಬೇಕು, ಇನ್ನೊಬ್ಬ ನೀನು ಅನ್ನಬಹುದು ಅನ್ನುವುದೇ ಚುಚ್ಚುವ ಸಂಗತಿ. ಅಮೆರಿಕದ ವಿದ್ವಾಂಸರಾದ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಬರೆದ ಹೆಸರಾಂತ ಲೇಖನದಲ್ಲಿ ತೋರಿಸಿದ್ದೂ ಇದನ್ನೇ: ಯುರೋಪಿನ ಭಾಷೆಗಳಲ್ಲಿ ಮೇಲು-ಕೀಳಿನ ಲೆಕ್ಕ ಹಿಂದೆ ಸರಿದು, ಇಬ್ಬರೂ ಒಂದೇ ಮಾತು ಬಳಸುವ ರೂಢಿ ಬೆಳೆದಿದೆ.

ಇಬ್ಬರೂ ಒಂದೇ ಮಾತು ಬಳಸಬೇಕು ಅಂದರೆ ಅದು 'ನೀನು'ವೇ ಆಗಬೇಕಿಲ್ಲ. ಇಂಗ್ಲಿಷಿನವರು 'ನೀವು' ಇಟ್ಟುಕೊಂಡು 'ನೀನು'ವನ್ನೇ ಬಿಟ್ಟರು. ಅವರ 'ದೌ' ಅಂದರೆ ನೀನು, 'ಯು' ಅಂದರೆ ನೀವು. 1603ರಲ್ಲಿ ಇಂಗ್ಲೆಂಡಿನ ಹೆಸರಾಂತ ನಾವಿಕ ಸರ್ ವಾಲ್ಟರ್ ರಾಲೀ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್, ನಿನ್ನನ್ನು 'ದೌ' ಅಂತಲೇ ಕರೆಯುತ್ತೇನೆ ದ್ರೋಹಿ ಎಂದು ಎದುರಿಗೇ ಅಬ್ಬರಿಸಿದ. ಅದೇ ಶತಮಾನದಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು, ದೇವರ ಮುಂದೆ ಎಲ್ಲರೂ ಸಮ ಅಂತ, ನ್ಯಾಯಾಧೀಶರಿಗೂ 'ದೌ' ಅಂದು ಏಟು ತಿಂದರು. ಕೊನೆಗೆ 'ಯು' ಎಲ್ಲರಿಗೂ ಸಲ್ಲುವ ಮಾತಾಯಿತು.

ಮೇಲಿನಿಂದ ಹೇರಿದ್ದು ಮಾತ್ರ ನಿಂತಿಲ್ಲ. 1793ರಲ್ಲಿ ಫ್ರಾನ್ಸಿನ ಕ್ರಾಂತಿಕಾರಿಗಳು ಕಚೇರಿಗಳಲ್ಲಿ ಎಲ್ಲರೂ 'ತ್ಯು', ಅಂದರೆ ನೀನು, ಅನ್ನಬೇಕು ಅಂದರು, ಕೆಲವೇ ವರ್ಷಗಳಲ್ಲಿ 'ವೂ', ಅಂದರೆ ನೀವು, ವಾಪಸ್ ಬಂತು. 1938ರಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿ, ಒಬ್ಬರನ್ನು ಮರ್ಯಾದೆಯಿಂದ ಕರೆಯುವ 'ಲೇಯಿ' ಬೇಡ, ಬಹುವಚನದ 'ವೋಯಿ' ಅನ್ನಿ ಎಂದು ಅಪ್ಪಣೆ ಮಾಡಿದ. 'ಲೇಯಿ' ಹೆಸರಿನ ಮಹಿಳಾ ಪತ್ರಿಕೆ ತನ್ನ ಹೆಸರನ್ನೇ ಬದಲಿಸಬೇಕಾಯಿತು. ಅವನ ಆಳ್ವಿಕೆ ಮುಗಿಯಿತು, 'ಲೇಯಿ' ಇವತ್ತಿಗೂ ಇದೆ.

ಈಗ ನಿಮ್ಮ ಪ್ರವಾಸದ ವಿಷಯ. ನೀವು ಇಂಗ್ಲಿಷಿನಲ್ಲಿ ಮಾತಾಡಿದರೆ 'ಯು' ಒಂದೇ, ತೊಂದರೆ ಇಲ್ಲ. ಸ್ವೀಡನ್ನಿನಲ್ಲಿ ಮನೆ ಮಾಲೀಕರನ್ನು ಹೆಸರಿನಿಂದಲೇ ಕರೆಯಿರಿ, ಅವರೂ ನಿಮ್ಮನ್ನು ಹಾಗೇ ಕರೆಯುತ್ತಾರೆ, ಬೇಜಾರು ಬೇಡ. ಅಂಗಡಿಯಲ್ಲಿ ಹುಡುಗರು ನಿಮಗೆ 'ನಿ' ಅನ್ನಲೂಬಹುದು. 1980ರ ದಶಕದಿಂದ ಎಳೆಯರು ಅದನ್ನು ಗೌರವ ಅಂತಲೇ ಮತ್ತೆ ಬಳಸುತ್ತಿದ್ದಾರೆ. ಹಳೆಯದು ನೆನಪಿರುವ ಕೆಲವು ಅಜ್ಜಿಯರಿಗೆ ಅದರಿಂದ ಸಿಟ್ಟು ಬರುತ್ತದಂತೆ.

ಜರ್ಮನಿಯಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ. ಅಲ್ಲಿ ಮರ್ಯಾದೆಗೆ ಹೇಳುವ ಬಹುವಚನದ 'ಜೀ' ಇನ್ನೂ ಗಟ್ಟಿಯಾಗಿದೆ, ಅಲ್ಲೂ 'ದು' ಅಂದರೆ ನೀನು, ಪೊಲೀಸರಿಗೆ ಹಾಗೆ ಅಂದದ್ದು ಕೋರ್ಟಿನವರೆಗೆ ಹೋಗಿದ್ದೂ ಉಂಟು. ಗುರುತಿಲ್ಲದವರನ್ನು ಹೆಸರಿಗೆ ಬದಲು ಮನೆತನದ ಹೆಸರು ಸೇರಿಸಿ ಹೆಂಗಸರಿಗೆ 'ಫ್ರೌ', ಗಂಡಸರಿಗೆ 'ಹೆರ್' ಅಂತ ಕರೆಯಿರಿ. ಸಲುಗೆಗೆ ಇಳಿಯೋಣ ಅಂತ ಹೇಳುವ ಹಕ್ಕು ಅಲ್ಲಿ ಹಿರಿಯರದು. ಮಗನ ಗೆಳೆಯರು ನಿಮ್ಮ ಮಾತಿಗೇ ಕಾಯುತ್ತಿರುತ್ತಾರೆ, ನಿಮಗೆ ಇಷ್ಟವಾದರೆ ನೀವೇ ಮೊದಲು ಹೇಳಿ.

— ಸಂಪಾದಕ