ಹೊಟ್ಟೆಯಲ್ಲಿ ಪೈಲೋರಿ ಇದೆಯಂತೆ, ಕ್ಯಾನ್ಸರ್ ಬಂದೇ ಬರುತ್ತದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ಊಟ ಆದ ಮೇಲೆ ಹೊಟ್ಟೆ ಉಬ್ಬರ, ಮೇಲ್ಹೊಟ್ಟೆಯಲ್ಲಿ ಉರಿ. ಎಂಡೋಸ್ಕೋಪಿ ಮಾಡಿಸಿದೆ. ರಿಪೋರ್ಟಿನಲ್ಲಿ ‘ಗ್ಯಾಸ್ಟ್ರೈಟಿಸ್, ಎಚ್. ಪೈಲೋರಿ ಪಾಸಿಟಿವ್’ ಅಂತ ಇದೆ. ಮೊಬೈಲಿನಲ್ಲಿ ಹುಡುಕಿದರೆ ಅದು ಕ್ಯಾನ್ಸರ್ ತರುವ ಬ್ಯಾಕ್ಟೀರಿಯಾ ಅಂತ ಬರುತ್ತದೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ. ನನಗೂ ಕ್ಯಾನ್ಸರ್ ಬರುತ್ತದೆಯೇ?

ಉತ್ತರ: ಬರುವ ಸಾಧ್ಯತೆ ಕಡಿಮೆ. ಮೊದಲು ಇಷ್ಟನ್ನು ನಂಬಿ, ಆಮೇಲೆ ಮುಂದೆ ಓದಿ. ಜಗತ್ತಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಹೊಟ್ಟೆಯಲ್ಲಿ ಈ ಹೆಲಿಕೋಬ್ಯಾಕ್ಟರ್ ಪೈಲೋರಿ ಇದೆ. ಬಹಳಷ್ಟು ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಸೋಂಕು ಇರುವ 100 ಜನರಲ್ಲಿ ಇಡೀ ಜೀವಮಾನದಲ್ಲಿ 1ರಿಂದ 3 ಮಂದಿಗೆ ಜಠರದ ಕ್ಯಾನ್ಸರ್ ಬರುತ್ತದೆ. ಅಲ್ಸರ್ ಆಗುವವರು ಅದಕ್ಕಿಂತ ಜಾಸ್ತಿ, 10ರಿಂದ 15 ಮಂದಿ.

ಹಾಗಂತ ಮೊಬೈಲ್ ಸುಳ್ಳು ಹೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕ ಅಂತ ಸೇರಿಸಿದೆ. ತಂಬಾಕು ಇರುವುದೂ ಅದೇ ಪಟ್ಟಿಯಲ್ಲಿ. ಆದರೆ ಆ ದರ್ಜೆ ಹೇಳುವುದು ‘ಇದು ಕ್ಯಾನ್ಸರ್ ತರಬಲ್ಲದು ಎನ್ನುವುದಕ್ಕೆ ಪುರಾವೆ ಗಟ್ಟಿಯಾಗಿದೆ’ ಅಂತ ಮಾತ್ರ. ಯಾರಿಗೆ ಎಷ್ಟು ಅಪಾಯ ಅನ್ನುವುದನ್ನು ಅದು ಹೇಳುವುದಿಲ್ಲ. ಜನ ಗಾಬರಿಯಾಗುವುದು ಇಲ್ಲೇ.

ಜಠರದಲ್ಲಿ ಅಷ್ಟೊಂದು ಆಸಿಡ್ ಇರುವಾಗ ಬ್ಯಾಕ್ಟೀರಿಯಾ ಬದುಕುವುದಾದರೂ ಹೇಗೆ ಅಂತ ಹಿಂದೆ ವೈದ್ಯರೇ ನಂಬುತ್ತಿರಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಆಗಲೂ ನಂಬದವರೇ ಜಾಸ್ತಿ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಂತಿ, ಹೊಟ್ಟೆಯ ಒಳಪದರದಲ್ಲಿ ಊತ. (ಇದನ್ನು ಯಾರೂ ಅನುಕರಿಸುವುದು ಬೇಡ!) ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಆಸಿಡ್ ನಡುವೆ ಬದುಕಲು ಪೈಲೋರಿ ಯೂರಿಯೇಸ್ ಅನ್ನುವ ಕಿಣ್ವ ಬಿಡುತ್ತದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಹಾಗಾಗಿ ಅದರ ಸುತ್ತಲಿನ ಆಸಿಡ್ ಶಕ್ತಿ ಕಳೆದುಕೊಳ್ಳುತ್ತದೆ, ಅಷ್ಟರಲ್ಲಿ ಇದು ಲೋಳೆಪದರದೊಳಗೆ ಕೊರೆದುಕೊಂಡು ಹೋಗಿ ಕೂರುತ್ತದೆ. ಕೆಲವು ತಳಿಗಳಿಗೆ ಇನ್ನೂ ಒಂದು ಕೆಟ್ಟ ಬುದ್ಧಿ ಇದೆ. ಸೂಜಿಯಂಥ ಅಂಗದಿಂದ ಕ್ಯಾಗ್-ಎ ಅನ್ನುವ ಪ್ರೋಟೀನನ್ನು ನಮ್ಮ ಜೀವಕೋಶದೊಳಗೇ ಚುಚ್ಚಿ ಬಿಡುತ್ತವೆ. ಅದು ಕೋಶದ ಬೆಳವಣಿಗೆಯ ಲೆಕ್ಕಾಚಾರವನ್ನೇ ಕೆಡಿಸುತ್ತದೆ. ಈ ತಳಿ ಇದ್ದವರಿಗೆ ಅಪಾಯ ಹೆಚ್ಚು.

ಆದರೂ ಎಲ್ಲ ಒಂದೇ ಸಲ ಆಗುವುದಿಲ್ಲ. ಮೊದಲು ಊತ, ಅಂದರೆ ಗ್ಯಾಸ್ಟ್ರೈಟಿಸ್. ಅದು ವರ್ಷಗಟ್ಟಲೆ ಹಾಗೇ ಉಳಿದರೆ ಆಸಿಡ್ ತಯಾರಿಸುವ ಗ್ರಂಥಿಗಳು ಸವೆಯುತ್ತವೆ. ಆಮೇಲೆ ಜಠರದ ಒಳಪದರ ಕರುಳಿನ ಒಳಪದರದ ಹಾಗೆ ಬದಲಾಗುತ್ತದೆ, ರಿಪೋರ್ಟಿನಲ್ಲಿ ಇದನ್ನು ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ ಅಂತ ಬರೆಯುತ್ತಾರೆ. ಅದರ ನಂತರ ಡಿಸ್‌ಪ್ಲೇಸಿಯಾ, ಅಂದರೆ ಕೋಶಗಳು ಅಸಹಜವಾಗುವ ಹಂತ, ಕೊನೆಗೆ ಕ್ಯಾನ್ಸರ್. ಸಾಮಾನ್ಯವಾಗಿ ಇದೆಲ್ಲ ದಶಕಗಳ ದಾರಿ, ಮತ್ತು ಹೆಚ್ಚಿನವರು ಕೊನೆಯವರೆಗೆ ಹೋಗುವುದೇ ಇಲ್ಲ. ನಿಮ್ಮ ಬಯಾಪ್ಸಿ (ಒಳಪದರದ ಚೂರು ತೆಗೆದು ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಬರೀ ಗ್ಯಾಸ್ಟ್ರೈಟಿಸ್ ಇದ್ದರೆ ನೀವು ಮೊದಲ ಮೆಟ್ಟಿಲಲ್ಲೇ ಇದ್ದೀರಿ. ಚಿಕಿತ್ಸೆಗೆ ಅತ್ಯುತ್ತಮ ಹೊತ್ತು ಇದೇ. ತಡ ಮಾಡಬೇಡಿ, ಹೆದರಲೂ ಬೇಡಿ.

ಪ್ರಶ್ನೆ: ನನ್ನ ತಂದೆ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು. ನನಗೂ ನನ್ನ ತಂಗಿಗೂ ಯಾವ ತೊಂದರೆಯೂ ಇಲ್ಲ. ನಾವು ಸುಮ್ನೆ ಇರಬಹುದಾ ಸರ್?

ಉತ್ತರ: ಬೇಡ, ಇಬ್ಬರೂ ಪೈಲೋರಿ ಪರೀಕ್ಷೆ ಮಾಡಿಸಿಕೊಳ್ಳಿ. ಇದಕ್ಕೆ ಒಳ್ಳೆಯ ಆಧಾರ ಇದೆ. ದಕ್ಷಿಣ ಕೊರಿಯಾದಲ್ಲಿ ನಿಮ್ಮಂಥವರನ್ನೇ, ಅಂದರೆ ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳನ್ನೇ ಆರಿಸಿಕೊಂಡು ಒಂದು ಅಧ್ಯಯನ ನಡೆಯಿತು. ಸೋಂಕು ಇದ್ದವರಲ್ಲಿ ಅರ್ಧ ಮಂದಿಗೆ ನಿಜವಾದ ಔಷಧಿ, ಉಳಿದರ್ಧಕ್ಕೆ ಔಷಧಿಯೇ ಇಲ್ಲದ ಮಾತ್ರೆ. ಸುಮಾರು 9 ವರ್ಷ ಗಮನಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಔಷಧಿ ಪಡೆದವರಲ್ಲಿ ಶೇ 1.2ರಷ್ಟು ಜನರಿಗೆ ಕ್ಯಾನ್ಸರ್ ಬಂತು, ಪಡೆಯದವರಲ್ಲಿ ಶೇ 2.7. ಅರ್ಧಕ್ಕಿಂತ ಕಡಿಮೆ, ಅಲ್ವಾ?

ಪೂರ್ತಿ ಸೊನ್ನೆ ಆಗಲಿಲ್ಲ ಅನ್ನುವುದನ್ನೂ ನೋಡಿ. ಒಳಪದರ ಈಗಾಗಲೇ ತುಂಬಾ ಬದಲಾಗಿದ್ದರೆ ಬ್ಯಾಕ್ಟೀರಿಯಾ ಹೋದ ಮೇಲೂ ಸ್ವಲ್ಪ ಅಪಾಯ ಉಳಿಯುತ್ತದೆ. ಅಂಥವರು ವೈದ್ಯರು ಹೇಳಿದಷ್ಟು ಕಾಲಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸುತ್ತಿರಬೇಕು. ಸಿಗರೇಟು ಸೇದುತ್ತಿದ್ದರೆ ಬಿಡಿ. ಜಾಸ್ತಿ ಉಪ್ಪು ಹಾಕಿ ಕಾಪಿಟ್ಟ ಆಹಾರ ಕಡಿಮೆ ಮಾಡಿ. ಪೈಲೋರಿ ಜೊತೆ ಇವೂ ಸೇರಿದರೆ ಕಷ್ಟ.

ಪ್ರಶ್ನೆ: ಪೈಲೋರಿಗೆ 14 ದಿನದ ಔಷಧಿ ಕೋರ್ಸ್ ಕೊಟ್ಟಿದ್ದರು. ಬಾಯೆಲ್ಲ ಲೋಹ ನೆಕ್ಕಿದ ಹಾಗೆ, ವಾಕರಿಕೆ ಬೇರೆ. ಉರಿ ಕಡಿಮೆ ಆಯಿತು ಅಂತ 6ನೇ ದಿನಕ್ಕೆ ನಿಲ್ಲಿಸಿದೆ. ಅಷ್ಟು ಸಾಕಲ್ಲವೇ?

ಉತ್ತರ: ಸಾಲದು. ಸ್ವಲ್ಪ ಗದರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಉರಿ ಕಡಿಮೆಯಾದದ್ದು ಬಹುಶಃ ಕೋರ್ಸಿನಲ್ಲಿದ್ದ ಆಸಿಡ್ ತಗ್ಗಿಸುವ ಮಾತ್ರೆಯಿಂದ. ಬ್ಯಾಕ್ಟೀರಿಯಾ ಸತ್ತಿದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಅರ್ಧಕ್ಕೆ ಬಿಟ್ಟರೆ ಉಳಿದವು ಆ ಆ್ಯಂಟಿಬಯೋಟಿಕ್‌ಗೆ ಬಗ್ಗದಂತೆ ಆಗಿಬಿಡಬಹುದು. ಕ್ಲಾರಿಥ್ರೋಮೈಸಿನ್ ಅನ್ನುವ ಔಷಧಿ ಅನೇಕ ಕಡೆ ಮೊದಲಿನಷ್ಟು ಕೆಲಸ ಮಾಡದಿರುವುದು ಇಂಥ ಪ್ರತಿರೋಧದಿಂದಲೇ. ನಿಮ್ಮ ವೈದ್ಯರಿಗೆ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಿ. ಉಳಿದ ಮಾತ್ರೆ ನೀವೇ ಮತ್ತೆ ಶುರು ಮಾಡಬೇಡಿ, ಔಷಧಿಗಳ ಬೇರೆ ಜೋಡಣೆ ಬೇಕಾಗಬಹುದು. ಬಿಸ್ಮತ್ ಅನ್ನುವ ಔಷಧಿ ಇರುವ ಕೋರ್ಸ್ ಕೊಟ್ಟರೆ ಮಲ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಇನ್ನೊಂದು ವಿಷಯ. ಕೋರ್ಸ್ ಮುಗಿಸಿದವರಲ್ಲೂ ಬಹಳ ಮಂದಿ ಸೋಂಕು ಹೋಯಿತಾ ಅಂತ ನೋಡುವುದೇ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ. ಔಷಧಿ ಮುಗಿದು ಕನಿಷ್ಠ 4 ವಾರ ಆದ ಮೇಲೆ ಉಸಿರಿನ ಪರೀಕ್ಷೆ ಅಥವಾ ಮಲದ ಪರೀಕ್ಷೆ ಮಾಡಿಸಿ. ಅದಕ್ಕೆ ಮುಂಚೆ 2 ವಾರ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಸಿಡ್ ತಗ್ಗಿಸುವ ಮಾತ್ರೆ ವೈದ್ಯರನ್ನು ಕೇಳಿ ನಿಲ್ಲಿಸಬೇಕು, ಇಲ್ಲದಿದ್ದರೆ ಇರುವ ಸೋಂಕೂ ‘ನೆಗೆಟಿವ್’ ಅಂತ ಬರಬಹುದು. ರಕ್ತ ಪರೀಕ್ಷೆ ಇದಕ್ಕೆ ಪ್ರಯೋಜನವಿಲ್ಲ. ಬ್ಯಾಕ್ಟೀರಿಯಾ ಹೋದ ಮೇಲೂ ರಕ್ತದಲ್ಲಿ ಅದರ ಗುರುತು ಬಹಳ ಕಾಲ ಇರುತ್ತದೆ.

ಪ್ರಶ್ನೆ: ಕ್ಯಾನ್ಸರ್‌ಗೆ ಪೈಲೋರಿ ಒಂದೇ ಕಾರಣವೇ, ಬೇರೆ ಬ್ಯಾಕ್ಟೀರಿಯಾ ಇಲ್ಲವೇ? ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಮಾತ್ರೆ, ಪುಡಿ) ತಿಂದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ಒಳ್ಳೆಯ ಪ್ರಶ್ನೆ. ಪೈಲೋರಿ ಮುಖ್ಯ ಆರೋಪಿ, ಒಬ್ಬನೇ ಆರೋಪಿ ಅಲ್ಲದಿರಬಹುದು. ಗ್ರಂಥಿಗಳು ಸವೆದು ಆಸಿಡ್ ಕಡಿಮೆಯಾದಾಗ, ಮೊದಲು ಅಲ್ಲಿ ಬದುಕಲಾಗದ ಬಾಯಿಯ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು ಬಂದು ನೆಲೆಸುತ್ತವೆ. ಕೆಲವು ನೈಟ್ರೇಟ್‌ನಿಂದ ಹಾನಿಕಾರಕ ಸಂಯುಕ್ತಗಳನ್ನು ಮಾಡಬಲ್ಲವು. 2024ರಲ್ಲಿ ಬಂದ ಒಂದು ಸಂಶೋಧನೆ ಬಾಯಲ್ಲಿ ಸಾಮಾನ್ಯವಾಗಿರುವ ಸ್ಟ್ರೆಪ್ಟೋಕಾಕಸ್ ಆಂಜಿನೋಸಸ್ ಇಲಿಗಳ ಜಠರದಲ್ಲಿ ಊತ, ಗ್ರಂಥಿ ಸವೆತ, ಗೆಡ್ಡೆಯ ಬೆಳವಣಿಗೆಗೆ ದಾರಿ ಮಾಡುತ್ತದೆ ಅಂತ ತೋರಿಸಿತು. ಗಮನಿಸಿ, ಇಲಿಗಳಲ್ಲಿ. ಇದರ ಮೇಲೆ ಮನುಷ್ಯರಿಗೆ ಚಿಕಿತ್ಸೆ ಬರೆಯುವ ಹೊತ್ತು ಇನ್ನೂ ಬಂದಿಲ್ಲ.

ಪ್ರೋಬಯೋಟಿಕ್ ಆ್ಯಂಟಿಬಯೋಟಿಕ್‌ನಿಂದಾಗುವ ಭೇದಿ, ಉಬ್ಬರವನ್ನು ಸ್ವಲ್ಪ ಕಡಿಮೆ ಮಾಡಬಹುದು. ಅದೊಂದೇ ಪೈಲೋರಿಯನ್ನು ಓಡಿಸುತ್ತದೆ ಅಂತ ಮಾರುವವರ ಮಾತಿಗೆ ಮರುಳಾಗಬೇಡಿ.

ಪ್ರಶ್ನೆ: ನನಗೆ ಪಾಸಿಟಿವ್. 4 ವರ್ಷದ ಮಗನಿಗೂ ಟೆಸ್ಟ್ ಮಾಡಿಸಲೇ? ಅವನು ಆರಾಮಾಗಿದ್ದಾನೆ.

ಉತ್ತರ: ಮಗು ಆರಾಮಾಗಿದ್ದರೆ ಬೇಡಮ್ಮ. ಸೋಂಕು ಹೆಚ್ಚಾಗಿ ಬಾಲ್ಯದಲ್ಲೇ, ಮನೆಯವರಿಂದಲೇ ಅಂಟುತ್ತದೆ ಅನ್ನುವುದು ನಿಜ. ಆದರೂ ತೊಂದರೆ ಇಲ್ಲದ ಮಕ್ಕಳಲ್ಲಿ ಹುಡುಕಿ ಔಷಧಿ ಕೊಡುವುದಿಲ್ಲ. ನೀವು ಅಗಿದದ್ದನ್ನು ಅವನಿಗೆ ತಿನ್ನಿಸಬೇಡಿ, ಕೈ ತೊಳೆಯಿರಿ, ನಿಮ್ಮ ಕೋರ್ಸ್ ಪೂರ್ತಿ ಮಾಡಿ. ಮನೆಯ ದೊಡ್ಡವರು ಬೇಕಾದರೆ ಪರೀಕ್ಷೆ ಮಾಡಿಸಲಿ. ಯಾರಿಗಾದರೂ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ರಕ್ತ ವಾಂತಿಯಾದರೆ, ಬಿಸ್ಮತ್ ತಿನ್ನದೆಯೂ ಕಪ್ಪು ಅಂಟಂಟು ಮಲ ಹೋದರೆ ಪತ್ರ ಬರೆದು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.