ತೊಟ್ಟಿ ಮನೆ ಬಿಡಬೇಡಿ, ಜಾಗ ಬದಲಿಸಿ

ಪ್ರಶ್ನೆ: ನನಗೆ 43 ವರ್ಷ, ಮೈಸೂರಿನಲ್ಲಿದ್ದೇವೆ. ಅಜ್ಜಿಯ ತೊಟ್ಟಿ ಮನೆಯನ್ನು ಕೆಡವಿದ ಮೇಲೆ ಅದನ್ನೇ ಪುಟ್ಟದಾಗಿ ಕಟ್ಟತೊಡಗಿದೆ. ಎರಡು ವರ್ಷದಿಂದ ದಸರೆಗೆ ಗೊಂಬೆ ಮೆಟ್ಟಿಲಿನ ಮುಂದೆ ಇಡುತ್ತಿದ್ದೇನೆ. ಬಂದವರೆಲ್ಲ ಅದರ ಸುತ್ತಲೇ ಕೂರುತ್ತಾರೆ. ಹೋದ ಸಲ ಅತ್ತೆ ಎಲ್ಲರ ಎದುರಿಗೇ, "ಹಬ್ಬ ಗೊಂಬೆಯದೋ, ಇವಳ ಮನೆಯದೋ? ಮುಂದಿನ ವರ್ಷ ಇದು ಬೇಡ" ಅಂದುಬಿಟ್ಟರು. ನಮ್ಮ ಮನೆಯವರು, "ಬಿಟ್ಟುಬಿಡು, ಏನು ನಷ್ಟ?" ಅನ್ನುತ್ತಾರೆ. ಈ ವಯಸ್ಸಿಗೆ ಇದು ಮಕ್ಕಳಾಟವೇ? ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ.

ನೀವು ಕಳಿಸಿದ ಫೋಟೊಗಳನ್ನು ತುಂಬಾ ಹೊತ್ತು ನೋಡಿದೆ. ರಟ್ಟಿನ ಡಬ್ಬದ ಮೇಲಿನ ಕಾಗದ ಸುಲಿದು, ಒಳಗಿನ ಏರಿಳಿತಕ್ಕೆ ಕೆಮ್ಮಣ್ಣಿನ ಬಣ್ಣ ಕೊಟ್ಟು ಹಂಚು ಮಾಡಿದ್ದೀರಿ. ಅಡುಗೆಮನೆ ಗೋಡೆಗೆ ಇದ್ದಿಲಪುಡಿ ಉಜ್ಜಿ ಮಸಿ ಹಿಡಿಸಿದ್ದೀರಿ. ಒಲೆಯ ನೇರಕ್ಕೆ ಕಪ್ಪು ಜಾಸ್ತಿ, ಬಾಗಿಲ ಕಡೆ ಬರುತ್ತಾ ಕಡಿಮೆ. ಆ ಮನೆಯಲ್ಲಿ ಬೆಳೆದವರಿಗಷ್ಟೇ ಇದು ಗೊತ್ತಿರಲು ಸಾಧ್ಯ. ಇದನ್ನು ಮಕ್ಕಳಾಟ ಅನ್ನೋದು ಹೇಗೆ?

ಏನು ನಷ್ಟ ಅಂತ ಕೇಳಿದ್ದಾರಲ್ಲ, ಅವರಿಗೆ ಹೀಗೆ ಹೇಳಿ. ಬೆಳಗ್ಗೆ ಮಾಡಿದ ಅಡುಗೆ ಮಧ್ಯಾಹ್ನಕ್ಕೆ ಖಾಲಿ. ತೊಳೆದ ಪಾತ್ರೆ ಸಂಜೆಗೆ ಮತ್ತೆ ಸಿಂಕಿನಲ್ಲಿ. ಮಡಿಸಿದ ಬಟ್ಟೆ ಎರಡು ದಿನಕ್ಕೆ ಮತ್ತೆ ಬಕೆಟಿನಲ್ಲಿ. ರಾತ್ರಿ ಹತ್ತರ ಮೇಲೆ ಕೂತು ಅಂಟಿಸಿದ ನಾಲ್ಕು ಹಂಚು ಮಾತ್ರ ಬೆಳಗ್ಗೆ ಎದ್ದಾಗ ಅಲ್ಲೇ ಇರುತ್ತವೆ. ದಿನವಿಡೀ ದುಡಿಯುವ ಕೈಗೆ ಅದು ಬೇಕು. "ಇದು ನನಗೆ ಬೇಕು" ಅಂದರೆ ಸಾಕು, ಅದಕ್ಕೆ ಬೇರೆ ಕಾರಣ ಹುಡುಕಬೇಡಿ.

ಅತ್ತೆಯ ಮಾತು ಬೇರೆ. ಎಲ್ಲರ ಎದುರು ಅಂದದ್ದು ಖಂಡಿತ ತಪ್ಪು. ಆದರೂ ಅವರ ಹೊಟ್ಟೆಯ ಸಂಕಟ ನನಗೆ ಅರ್ಥವಾಗುತ್ತದೆ. ಮೇಲಿನ ಮೆಟ್ಟಿಲಲ್ಲಿ ಕೂರುವ ಪಟ್ಟದ ಗೊಂಬೆ ಅವರ ಮದುವೆಯಲ್ಲಿ ತವರಿನವರು ಕೊಟ್ಟದ್ದು ಅಂತ ನೀವೇ ಬರೆದಿದ್ದೀರಿ. ಪ್ರತಿ ವರ್ಷ ಪೆಟ್ಟಿಗೆಯಿಂದ ತೆಗೆದು, ಒರೆಸಿ, ರಾಣಿಗೆ ಜರಿ ಸೀರೆ ಉಡಿಸಿ, ರಾಜನಿಗೆ ಪೇಟ ಸುತ್ತುವವರು ಅವರು. ನಿಮ್ಮ ಹಾಗೇ ಕೈಕೆಲಸದವರು. ವರ್ಷಕ್ಕೆ ಒಂಬತ್ತೇ ದಿನ ನಾಲ್ಕು ಜನ ಬಂದು ಅವರ ಕೆಲಸ ನೋಡುತ್ತಿದ್ದರು. ಈಗ ಆ ಜನ ನಿಮ್ಮ ಕಡೆ ಬೆನ್ನು ಬಗ್ಗಿಸುತ್ತಾರೆ. ಒಂದು ಹಾಲಿನಲ್ಲಿ ಇಬ್ಬರು ಕಲಾವಿದೆಯರು, ನೋಡುವವರು ಅಷ್ಟೇ ಮಂದಿ.

ಫೋಟೊದಲ್ಲಿ ಇನ್ನೊಂದನ್ನೂ ಕಂಡೆ. ನಿಮ್ಮ ಮನೆ ಕೆಳಗಿನ ಎರಡು ಮೆಟ್ಟಿಲುಗಳನ್ನು ಪೂರ್ತಿ ಮುಚ್ಚಿದೆ. ಶೆಟ್ಟಿ ಗೊಂಬೆ, ಅವನ ಬೇಳೆಕಾಳಿನ ಅಂಗಡಿ ಎರಡೂ ಹಿಂದೆ ಹೋಗಿವೆ. ನಮ್ಮಮ್ಮ ಸೋಡಾ ಬಾಟಲಿ ಮುಚ್ಚಳಗಳಲ್ಲಿ ತೊಗರಿ, ಹೆಸರು, ಕಡಲೆ ತುಂಬಿ ಶೆಟ್ಟಿಯ ಮುಂದೆ ಇಡುತ್ತಿದ್ದರು. ಯಾರಾದರೂ ಒಂದು ಮುಚ್ಚಳ ಸರಿಸಿದರೂ ಅವರಿಗೆ ತಡೆಯುತ್ತಿರಲಿಲ್ಲ. ಇಲ್ಲಿ ಜಾಗ ಬಿಡಬೇಕಾದವರು ನೀವು.

ಹಾಗಂತ ದೃಶ್ಯ ಮಾಡಿಡುವುದು ಹಬ್ಬಕ್ಕೆ ಹೊರಗಿನದೇನಲ್ಲ. ರಾಗಿ ಮೊಳಕೆಯ ಹೊಲ, ಕನ್ನಡಿಯ ಕೆರೆ, ಮರಳಿನ ದಾರಿ, ಎಲ್ಲ ಮೊದಲಿಂದ ಬಂದದ್ದೇ. ಅತ್ತೆಗೂ ಇದು ಗೊತ್ತು. ಈ ಸಲ ತೊಟ್ಟಿ ಮನೆಯನ್ನು ಹಾಲಿನಿಂದ ತೆಗೆದು ನಿಮ್ಮ ಕೋಣೆಯಲ್ಲೋ ವರಾಂಡದಲ್ಲೋ ಇಡಿ. ಮೊದಲು ಗೊಂಬೆ, ಆರತಿ, ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ, ಅದೇ ಚರ್ಪು. ಆಮೇಲೆ ಬೇಕಾದವರು ಒಳಗೆ ಬಂದು ನೋಡಲಿ. ಇದನ್ನು ಮಹಾಲಯ ಅಮಾವಾಸ್ಯೆಗೆ ಮುಂಚೆಯೇ, ಇಬ್ಬರೇ ಇದ್ದಾಗ ಅತ್ತೆಗೆ ಹೇಳಿ. ಅವರು ಮೆಚ್ಚಲಿ ಅಂತ ಕಾಯಬೇಡಿ.

ನನ್ನ ಆಸೆ ಕೇಳಿದರೆ, ಆ ಮನೆ ಒಂಬತ್ತು ದಿನಕ್ಕೆ ಕಟ್ಟುಬೀಳಬಾರದು. ನೀವು ಅಡಿಗೆ ಒಂದಿಂಚಿನ ಲೆಕ್ಕ ಹಿಡಿದಿದ್ದೀರಿ. ನಲವತ್ತಡಿಯ ಮನೆ ನಲವತ್ತಿಂಚು, ಅಂದರೆ ಮೂರಡಿಗೂ ಜಾಸ್ತಿ ಆಯಿತು. ಮುಂದಿನದನ್ನು ಅಡಿಗೆ ಅರ್ಧ ಇಂಚಿನಂತೆ ಮಾಡಿ. ಇಪ್ಪತ್ತಿಂಚಿಗೆ ಬರುತ್ತದೆ. ಮುಂದೆ ಗಾಜು ಹಾಕಿದ ಪೆಟ್ಟಿಗೆಯಲ್ಲಿ ಗೋಡೆಯ ಶೆಲ್ಫ್ ಮೇಲೆ ವರ್ಷವಿಡೀ ಇರಬಹುದು, ಧೂಳೂ ಕೂರುವುದಿಲ್ಲ.

ಹಿತ್ತಲಿನ ಬಾವಿಗೆ ರಾಟೆ ಸಿಗದೆ ಕೆಲಸ ನಿಂತಿದೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಎರಡು ಅಂಗಿ ಗುಂಡಿಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ನೋಡಿ. ಅಂಚು ದುಂಡಗಿರುವ ಗುಂಡಿಯಾದರೆ ನಡುವೆ ಹಗ್ಗ ಕೂರುವಷ್ಟು ಸಂದು ತಾನಾಗಿಯೇ ಬರುತ್ತದೆ.