ಕಾರು, ಬೈಕು ಒಂದೇ ಟ್ರ್ಯಾಕಿನಲ್ಲಿ: ಚಿತ್ರದುರ್ಗದ ಮಿತ್ರರ ಪ್ರಶ್ನೆಗೆ ಉತ್ತರ

ಚಿತ್ರದುರ್ಗದ ಮಿತ್ರರಿಗೆ ನಮಸ್ಕಾರ. ಹೊಳಲ್ಕೆರೆ ರಸ್ತೆಯ ಕಡೆ ಇರುವ ನಿಮ್ಮ ಮಾವನವರ ಬೀಳು ಜಮೀನಿನಲ್ಲಿ 1.1 ಕಿಲೋಮೀಟರ್ ಉದ್ದ, 8 ಮೀಟರ್ ಅಗಲದ ಡಾಂಬರು ಟ್ರ್ಯಾಕ್ ಹಾಕಿಸಿದ್ದೀರಿ, ಬರುವ ತಿಂಗಳ ಮೊದಲ ಭಾನುವಾರ ಆರು ಕಾರು, ಹತ್ತು ಬೈಕು ಸೇರಲಿವೆ ಎಂದು ಬರೆದಿದ್ದೀರಿ. ಹೊತ್ತು ಉಳಿಸಲು ಎರಡನ್ನೂ ಒಟ್ಟಿಗೇ ಬಿಡಬಹುದೇ, ಬಿಟ್ಟರೆ ಯಾವ ನಿಯಮ ಇರಬೇಕು ಎಂಬುದು ನಿಮ್ಮ ಪ್ರಶ್ನೆ. ಒಟ್ಟಿಗೆ ಬಿಡಬೇಡಿ ಎಂಬುದೇ ನನ್ನ ಉತ್ತರ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಕಾರುಗಳೂ ಓಡುತ್ತವೆ, ಬೈಕುಗಳೂ ಓಡುತ್ತವೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಟ್ರ್ಯಾಕಿನಲ್ಲಿಯೂ ಹಾಗೆಯೇ. ಆದರೆ ಅವುಗಳ ಪಾಳಿ ಬೇರೆ ಬೇರೆ. ಚೆನ್ನೈ ಬಳಿ 3.7 ಕಿಲೋಮೀಟರ್ ಉದ್ದದ ಟ್ರ್ಯಾಕ್ ಇರುವವರೇ ಹೀಗೆ ಪಾಳಿ ಬೇರೆ ಮಾಡಿಕೊಂಡಿರುವಾಗ, ಅದರ ಮೂರನೇ ಒಂದು ಪಾಲೂ ಇಲ್ಲದ ನಿಮ್ಮ ಸುತ್ತಿನಲ್ಲಿ ಹದಿನಾರು ವಾಹನಗಳನ್ನು ಒಮ್ಮೆಗೇ ಬಿಡುವುದು ಸರಿಯಲ್ಲ.

ಇದಕ್ಕೆ ಕಾರಣ ಚಾಲಕರ ಅಹಂಕಾರವೋ ಸವಾರರ ಹುಡುಗಾಟವೋ ಅಲ್ಲ. ಎರಡೂ ಬಗೆಯ ವಾಹನಗಳು ಒಂದೇ ದಾರಿಯಲ್ಲಿ ಬೇರೆ ಬೇರೆ ಜಾಗಗಳಲ್ಲಿ ವೇಗ ಪಡೆಯುತ್ತವೆ, ಬೇರೆ ಬೇರೆ ಜಾಗಗಳಲ್ಲಿ ಕಳೆದುಕೊಳ್ಳುತ್ತವೆ. ಸುಮಾರು 40 ಅಶ್ವಶಕ್ತಿಯ ಬೈಕು ಸವಾರನೂ ಸೇರಿ 240 ಕೆಜಿ ತೂಗುತ್ತದೆ ಎಂದುಕೊಂಡರೆ, ಪ್ರತಿ ಅಶ್ವಶಕ್ತಿಯ ಪಾಲಿಗೆ ಬರುವುದು 6 ಕೆಜಿ. ಸುಮಾರು 80 ಅಶ್ವಶಕ್ತಿಯ ಸಣ್ಣ ಕಾರು ಚಾಲಕನೂ ಸೇರಿ 960 ಕೆಜಿ ಇದ್ದರೆ, ಅಲ್ಲಿ ಅದು 12 ಕೆಜಿ. ಆದ್ದರಿಂದ ನೇರ ದಾರಿಯಲ್ಲಿ ಬೈಕು ಕಾರನ್ನು ಸಲೀಸಾಗಿ ಬಿಟ್ಟು ಹೋಗುತ್ತದೆ. ತಿರುವು ಬಂದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಕಾರಿನ ನಾಲ್ಕು ಟೈರುಗಳು ನೆಲಕ್ಕೆ ಅಗಲವಾಗಿ ಕೂತಿರುತ್ತವೆ. ಬೈಕಿಗೆ ನೆಲದೊಡನೆ ಇರುವ ಸಂಬಂಧ ಎರಡು ಅಂಗೈಯಷ್ಟು ಜಾಗ ಮಾತ್ರ. ಜೊತೆಗೆ, ಬೈಕಿನ ಉದ್ದ ಕಡಿಮೆ, ಭಾರದ ಕೇಂದ್ರ ಎತ್ತರದಲ್ಲಿರುವುದರಿಂದ ಮುಂದಿನ ಬ್ರೇಕನ್ನು ಒಂದು ಮಿತಿಗಿಂತ ಹೆಚ್ಚು ಹಿಡಿದರೆ ಹಿಂದಿನ ಚಕ್ರ ಮೇಲೇಳುತ್ತದೆ. ಹೀಗಾಗಿ ಸವಾರ ಕಾರಿನವನಿಗಿಂತ ಮೊದಲೇ ವೇಗ ಇಳಿಸಲು ಆರಂಭಿಸುತ್ತಾನೆ. ಹಿಂದಿರುವ ಕಾರಿನವನು ತನ್ನ ಬ್ರೇಕಿನ ಜಾಗ ಇನ್ನೂ ಮುಂದಿದೆ ಎಂದು ಆಕ್ಸಿಲರೇಟರ್ ಮೇಲೆ ಕಾಲಿಟ್ಟೇ ಇರುತ್ತಾನೆ.

ಅದಕ್ಕಿಂತ ಕೆಟ್ಟದ್ದು ತಿರುವಿನ ಒಳಗೆ ನಡೆಯುತ್ತದೆ. ಅನುಭವಿ ಸವಾರ ಹೊರ ಅಂಚಿನಿಂದ ಅಗಲವಾಗಿ ಒಳಬಂದು, ತಡವಾಗಿ ಬೈಕನ್ನು ವಾಲಿಸಿ, ತಿರುವಿನ ಒಳ ಅಂಚನ್ನು ಕೊನೆಯ ಭಾಗದಲ್ಲಿ ಮುಟ್ಟುತ್ತಾನೆ. ಅವನು ಹೊರಗಡೆ ಇರುವ ಆ ಎರಡು ಸೆಕೆಂಡು, ಹಿಂದಿನ ಕಾರಿನವನ ಕಣ್ಣಿಗೆ ಒಳಭಾಗ ಪೂರ್ತಿ ಖಾಲಿಯಾಗಿ, ತನ್ನನ್ನೇ ಕರೆಯುವಂತೆ ಕಾಣುತ್ತದೆ. ಅವನು ಮೂತಿ ತೂರಿಸುತ್ತಾನೆ. ಸವಾರ ಅದೇ ಜಾಗಕ್ಕೆ ಇಳಿಯುತ್ತಾನೆ. ಪೂರ್ತಿ ವಾಲಿದ ಬೈಕಿಗೆ ಆ ಗಳಿಗೆಯಲ್ಲಿ ದಾರಿ ಬದಲಿಸುವ ಶಕ್ತಿಯೂ ಇರುವುದಿಲ್ಲ, ಗಟ್ಟಿಯಾಗಿ ಬ್ರೇಕ್ ಹಿಡಿಯುವ ಅವಕಾಶವೂ ಇರುವುದಿಲ್ಲ. ಇಲ್ಲಿ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಓಡಿಸುತ್ತಿರುತ್ತಾರೆ ಎಂಬುದನ್ನು ಗಮನಿಸಬೇಕು.

ಇನ್ನು ಬಿದ್ದವರ ವಿಚಾರ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಣ್ಣು ಕಂಡು, ಕಾಲು ಪೆಡಲಿಗೆ ಹೋಗಿ, ಬ್ರೇಕ್ ಹಿಡಿಯುವ ಹೊತ್ತಿಗೆ ಒಂದೂವರೆ ಸೆಕೆಂಡು, ಅಂದರೆ 33 ಮೀಟರ್ ಕಳೆದಿರುತ್ತದೆ. ಒಣ ಡಾಂಬರಿನ ಮೇಲೆ ನಿಲ್ಲಲು ಮತ್ತೆ 35 ಮೀಟರಿನಷ್ಟು ಬೇಕು. ಬಿದ್ದ ಸವಾರ ಬೈಕಿನಿಂದ ಬೇರೆಯಾಗಿ, ಟ್ರ್ಯಾಕಿನ ನಡುವೆಯೇ ಜಾರಿ ನಿಲ್ಲಬಹುದು. ಕಾರು ಕಾರಿಗೆ ತಾಗಿದರೆ ಹೆಚ್ಚಿನ ಸಲ ಬಂಪರ್ ಮತ್ತು ಮುಖಭಂಗದಲ್ಲಿ ಮುಗಿಯುತ್ತದೆ. ಇಲ್ಲಿ ಹಾಗಲ್ಲ.

ಇದನ್ನು ಉಪದೇಶ ಎಂದು ತಿಳಿಯಬೇಡಿ, ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ದಾವಣಗೆರೆಯ ಹೊರವಲಯದಲ್ಲಿ ಮನೆಗಳಿನ್ನೂ ಏಳದ ಒಂದು ಬಡಾವಣೆಯ ಹೊಸ ರಸ್ತೆಗಳಲ್ಲಿ, ಗೆಳೆಯನ ಬೈಕಿನ ವಿಡಿಯೊ ತೆಗೆಯಲೆಂದು ನಾನು ಕಾರಿನಲ್ಲಿ ಅವನ ಹಿಂದೆ ಹೋಗುತ್ತಿದ್ದೆ. ತಿರುವಿಗೆ ಮುಂಚೆ ಅವನು ಆಕ್ಸಿಲರೇಟರ್ ಬಿಟ್ಟು ಗೇರ್ ಇಳಿಸಿದ. ಬ್ರೇಕ್ ಹಿಡಿಯಲೇ ಇಲ್ಲವಾದ್ದರಿಂದ ಹಿಂದಿನ ಕೆಂಪು ದೀಪ ಹತ್ತಲೂ ಇಲ್ಲ. ನನ್ನ ಕಾರು ನಿಂತಾಗ ಅವನ ನಂಬರ್ ಪ್ಲೇಟಿಗೂ ನನ್ನ ಬಾನೆಟ್ಟಿಗೂ ಎರಡು ಮೊಳ ಅಂತರವಿತ್ತು. ಹಾರ್ನ್ ಒತ್ತಿದ್ದೆ, ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದಿನಲ್ಲಿ ಅದು ತನಗೆ ಕೇಳಿಸಲೇ ಇಲ್ಲ ಎಂದ. ಅದು ಸಾರ್ವಜನಿಕ ರಸ್ತೆ. ನಾವು ಅಲ್ಲಿ ಇರಲೇಬಾರದಿತ್ತು ಎಂಬುದು ಬೇರೆ ಮಾತು.

ಆ ಬೇರೆ ಮಾತು ನಿಮಗೂ ಸ್ವಲ್ಪ ಸಂಬಂಧಿಸಿದೆ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಅಪರಾಧ. ನಿಮ್ಮದು ಖಾಸಗಿ ಜಮೀನು ನಿಜ. ಆದರೆ ಅದರ ನಡುವೆ ಊರವರಿಗೆ ಹಕ್ಕಿರುವ ಬಂಡಿದಾರಿ ಏನಾದರೂ ಹಾದುಹೋಗಿದ್ದರೆ ಮೊದಲು ವಕೀಲರೊಬ್ಬರನ್ನು ಕೇಳಿ. ಸಾಮಾನ್ಯ ವಾಹನ ವಿಮೆ ರೇಸಿಗೂ ವೇಗಪರೀಕ್ಷೆಗೂ ಅನ್ವಯಿಸುವುದಿಲ್ಲ ಎಂಬುದನ್ನು ಬರುವವರಿಗೆಲ್ಲ ಮುಂಚೆಯೇ ತಿಳಿಸಿ.

ಪಾಳಿಗಳನ್ನು ಹೀಗೆ ಹಂಚಬಹುದು. ಬೆಳಿಗ್ಗೆ ಮೊದಲ ಪಾಳಿ ಬೈಕುಗಳದ್ದು, ಏಕೆಂದರೆ ಆಗ ನೆಲ ಸ್ವಚ್ಛವಾಗಿರುತ್ತದೆ. ನಿಮ್ಮ ಸುತ್ತಿನಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಬೈಕು ಅಥವಾ ಮೂರಕ್ಕಿಂತ ಹೆಚ್ಚು ಕಾರು ಬೇಡ. ಹದಿನೈದು ನಿಮಿಷ ಬೈಕು, ಹದಿನೈದು ನಿಮಿಷ ಕಾರು, ನಡುವೆ ಹತ್ತು ನಿಮಿಷ ಟ್ರ್ಯಾಕ್ ಖಾಲಿ. ಹೊತ್ತು ಉಳಿಸಬೇಕೆಂದು ಈ ಹತ್ತು ನಿಮಿಷಕ್ಕೆ ಕತ್ತರಿ ಹಾಕಬೇಡಿ; ಇಡೀ ದಿನದ ಸುರಕ್ಷತೆ ನಿಂತಿರುವುದೇ ಅದರ ಮೇಲೆ. ಕಾರಿನ ಒಂದು ಚಕ್ರ ಅಂಚು ದಾಟಿ ಕೆಮ್ಮಣ್ಣಿಗೆ ಇಳಿದು ಹತ್ತಿದರೆ ಸಾಕು, ಮಣ್ಣು ಮತ್ತು ಜಲ್ಲಿ ಡಾಂಬರಿನ ಮೇಲೆ ಹರಡುತ್ತದೆ. ಕಾರಿನವನಿಗೆ ಅದು ಗೊತ್ತೂ ಆಗುವುದಿಲ್ಲ. ಮುಂದಿನ ಪಾಳಿಯ ಬೈಕಿನ ಮುಂಚಕ್ರಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಪ್ರತಿ ಸಲ ಇಬ್ಬರು ಪೊರಕೆ ಹಿಡಿದು ತಿರುವುಗಳನ್ನಾದರೂ ಗುಡಿಸಲೇಬೇಕು, ಮತ್ತು ಆ ಇಬ್ಬರಲ್ಲಿ ಒಬ್ಬರು ಈಗಷ್ಟೇ ಕಾರಿನಿಂದ ಇಳಿದವರಾಗಿರಲಿ. ನನ್ನ ಮಟ್ಟಿಗೆ ಟ್ರ್ಯಾಕಿನ ಮೊದಲ ಮರ್ಯಾದೆ ಅದೇ.

ಟ್ರ್ಯಾಕಿನ ಮೇಲೆ ಚೆಲ್ಲಿದಾಗ ಎಣ್ಣೆಗಿಂತಲೂ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಮೋಸದ್ದು. ಅದರಲ್ಲಿರುವ ಗ್ಲೈಕಾಲ್ ನೀರಿನಂತೆ ಬೇಗ ಆರಿಹೋಗುವುದಿಲ್ಲ, ಜಾರುವ ಪದರವಾಗಿ ಉಳಿಯುತ್ತದೆ. ಬಿದ್ದ ಬೈಕಿನಿಂದಲೂ ಅದು ಚೆಲ್ಲುವುದರಿಂದ, ಟ್ರ್ಯಾಕಿಗೆ ಬರುವ ಬೈಕುಗಳ ರೇಡಿಯೇಟರಿನಲ್ಲಿ ಬರೀ ನೀರು ತುಂಬಿಸುವ ಪದ್ಧತಿ ಇದೆ. ಚೆಲ್ಲಿದ ಎಣ್ಣೆಗೆ ಗರಗಸದ ಮರದ ಪುಡಿಯನ್ನೋ ಸಿಮೆಂಟನ್ನೋ ಹಾಕಿ, ಹೀರಿದ ಮೇಲೆ ಪೂರ್ತಿ ಗುಡಿಸಿ ತೆಗೆಯಬೇಕು. ನಮ್ಮ ಕಡೆ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ ಎಂದು ಅದನ್ನು ತರಬೇಡಿ. ಅದು ಎಣ್ಣೆ ಹೀರುವುದಕ್ಕಿಂತ ಚಕ್ರದ ಕೆಳಗೆ ಉರುಳುವುದೇ ಹೆಚ್ಚು. ಇದೇ ಮಾತು ಮೆಕ್ಕೆಜೋಳಕ್ಕೂ ಅನ್ವಯಿಸುತ್ತದೆ. ಸುಗ್ಗಿಯ ಹೊತ್ತಿಗೆ ಹೊಸ ಡಾಂಬರು ಕಂಡರೆ ಅಕ್ಕಪಕ್ಕದವರು ಕಾಳು ಒಣಗಿಸಲು ಹರಡುವುದು ಸಹಜ, ರಾಗಿ ಹುಲ್ಲನ್ನು ಒಕ್ಕಣೆಗೆ ಹಾಸುವುದೂ ಉಂಟು. ಜಗಳವಾಡದೆ ಮೊದಲೇ ದಿನ ಗೊತ್ತುಮಾಡಿ ಹೇಳಿ, ಬೆಳಿಗ್ಗೆ ನೀವೇ ಗುಡಿಸಿಕೊಳ್ಳಿ. ತಿರುವಿನಲ್ಲಿ ಉಳಿದ ಒಂದು ಹಿಡಿ ಕಾಳು ಬೈಕಿನವನ ಪಾಲಿಗೆ ಬೇರಿಂಗ್ ಗುಂಡುಗಳಿದ್ದಂತೆ.

ಓವರ್‌ಟೇಕ್ ಮಾಡುವ ಮರ್ಯಾದೆಯಲ್ಲಿ ಎರಡು ಕಡೆಯವರ ರೂಢಿ ಬೇರೆ ಬೇರೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಕಾರಿನವರಲ್ಲಿ ಮುಂದಿರುವವನು ಕಿಟಕಿಯಿಂದ ಬಲಗೈ ಹೊರಹಾಕಿ ಯಾವ ಬದಿಯಿಂದ ಹೋಗಬೇಕೆಂದು ತೋರಿಸಿ, ಆಕ್ಸಿಲರೇಟರ್ ಸ್ವಲ್ಪ ಬಿಡುತ್ತಾನೆ. ಕೈಸನ್ನೆ ಸಿಗುವವರೆಗೆ ಹಿಂದಿನವನು ಹಿಂದೆಯೇ ಇರುತ್ತಾನೆ. ಬೈಕಿನವರಲ್ಲಿ ಕೈ ಬಿಡುವುದೇ ಅಪಾಯವಾದ್ದರಿಂದ ಮುಂದಿರುವವನು ಸನ್ನೆ ಮಾಡುವುದಿಲ್ಲ, ಹಿಂದಕ್ಕೆ ತಿರುಗಿ ನೋಡುವುದೂ ಇಲ್ಲ. ತನ್ನ ದಾರಿಯನ್ನು ಬದಲಿಸದೆ ಹಿಡಿದಿರುತ್ತಾನೆ, ಸುರಕ್ಷಿತವಾಗಿ ದಾಟುವ ಹೊಣೆ ಪೂರ್ತಿ ಹಿಂದಿನವನದು. ಇಬ್ಬರನ್ನು ಬೆರೆಸಿದರೆ ಕಾರಿನವನು ಬಾರದ ಸನ್ನೆಗೆ ಕಾಯುತ್ತಾನೆ, ಬೈಕಿನವನೋ ಮುಂದಿನ ಕಾರು ತನ್ನ ದಾರಿ ಬಿಡದೆ ಹೋಗುತ್ತದೆಂದು ನಂಬಿ ಅದರ ಪಕ್ಕಕ್ಕೆ ಬರುತ್ತಾನೆ. ಯಾವ ಪಾಳಿಯಲ್ಲಾದರೂ ನೇರ ದಾರಿಯಲ್ಲಿ, ಒಂದೇ ನಿಗದಿತ ಬದಿಯಿಂದ ಮಾತ್ರ ದಾಟಬೇಕೆಂದು ಮೊದಲ ವರ್ಷ ಕಟ್ಟುನಿಟ್ಟು ಮಾಡಿ. ಪಿಟ್ಟಿಗೆ, ಅಂದರೆ ಟ್ರ್ಯಾಕಿನ ಪಕ್ಕದ ನಿಲುಗಡೆ ಜಾಗಕ್ಕೆ, ಬರುವ ಸವಾರ ಮಾತ್ರ ಎಡಗೈ ಎತ್ತಿ ತಿಳಿಸಲಿ. ಬಲಗೈಯಲ್ಲಿ ಆಕ್ಸಿಲರೇಟರೂ ಮುಂದಿನ ಬ್ರೇಕೂ ಇರುತ್ತವೆ.

ಬಾವುಟಗಳ ಪೂರ್ತಿ ಪಟ್ಟಿ ನಿಮಗೆ ಬೇಡ, ಮೂರು ಸಾಕು. ಹಳದಿ ಬಂದರೆ ಮುಂದೆ ಅಪಾಯವಿದೆ, ನಿಧಾನಿಸಿ, ಯಾರನ್ನೂ ದಾಟಬೇಡಿ. ಹಳದಿಯ ಮೇಲೆ ಕೆಂಪು ಪಟ್ಟೆಗಳಿದ್ದರೆ ನೆಲ ಜಾರುತ್ತಿದೆ. ಕೆಂಪು ಬಂದರೆ ಪಾಳಿ ನಿಂತಿದೆ. ಗಕ್ಕನೆ ಬ್ರೇಕ್ ಹಾಕದೆ, ಹಿಂದಿನವರಿಗೆ ಗೊತ್ತಾಗುವಂತೆ ವೇಗ ಇಳಿಸಿ ಪಿಟ್ಟಿಗೆ ಬರಬೇಕು. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳು ತಿರುಗುವುದನ್ನು ನೋಡಿ ಬೆಳೆದ ನಿಮಗೆ ಆಷಾಢದ ಗಾಳಿಯ ಬಗ್ಗೆ ಹೇಳಬೇಕಾಗಿಲ್ಲ. ಆ ಗಾಳಿಗೆ ಬಟ್ಟೆಯ ಬಾವುಟ ಕೋಲಿಗೆ ಸುತ್ತಿಕೊಂಡು ಬಣ್ಣವೇ ಕಾಣದಂತಾಗುತ್ತದೆ. ಬಣ್ಣ ಬಳಿದ ಹಲಗೆಗಳು ಮೇಲು. ಪ್ರತಿ ತಿರುವಿನಲ್ಲೂ ಹಲಗೆ ಹಿಡಿದ ಒಬ್ಬ ಮಾರ್ಷಲ್ ಇರಬೇಕು, ಅವನಿಗೆ ಹಿಂದಿನ ತಿರುವಿನ ಮಾರ್ಷಲ್ ಕಾಣುತ್ತಿರಬೇಕು, ಕೈಯಲ್ಲಿ ಮೊಬೈಲ್ ಇರಬಾರದು. ಕಾರು ಕೆಟ್ಟು ನಿಂತರೆ, ಬೆಂಕಿಯ ಸೂಚನೆ ಇಲ್ಲದಿದ್ದಲ್ಲಿ ಚಾಲಕ ಬೆಲ್ಟ್ ಹಾಕಿಕೊಂಡೇ ಒಳಗಿರಬೇಕು. ಬಿದ್ದ ಸವಾರ ಏಳಲು ಸಾಧ್ಯವಾದರೆ ಬೈಕಿನ ಆಸೆ ಬಿಟ್ಟು ತಾನು ಟ್ರ್ಯಾಕಿನಿಂದ ದೂರ ಹೋಗಬೇಕು. ಏಳದಿದ್ದರೆ ಕೆಂಪು ಹಲಗೆ ಎತ್ತಿ, ಟ್ರ್ಯಾಕ್ ಪೂರ್ತಿ ನಿಂತ ಮೇಲೆ ಹತ್ತಿರ ಹೋಗಬೇಕು. ಅವನು ಉಸಿರಾಡುತ್ತಿದ್ದಾನಾದರೆ ಹೆಲ್ಮೆಟ್ ತೆಗೆಯದೆ, ಕತ್ತು ಅಲುಗಾಡದಂತೆ ನೋಡಿಕೊಳ್ಳಬೇಕು. 108ಕ್ಕೆ ಕರೆ ಮಾಡಿ ಕಾಯುವ ಬದಲು ಆಂಬುಲೆನ್ಸನ್ನು ಜಾಗದಲ್ಲೇ ನಿಲ್ಲಿಸಿಕೊಳ್ಳಿ. ಅದು ಒಬ್ಬರನ್ನು ಕರೆದುಕೊಂಡು ಹೊರಟರೆ, ಮರಳುವವರೆಗೆ ಯಾರೂ ಓಡಿಸಬಾರದು.

ನೀವು ಹಾಕಿರುವ ಚಿತ್ರದಲ್ಲಿ ಎರಡನೇ ತಿರುವಿನ ಹೊರಗಡೆ ಹತ್ತು ಹೆಜ್ಜೆ ದೂರದಲ್ಲೇ ಕಲ್ಲುಕಂಬ, ಮುಳ್ಳುತಂತಿಯ ಬೇಲಿ ಕಾಣುತ್ತಿದೆ. ಬೈಕುಗಳು ಬರುವ ಮುಂಚೆ ಅದನ್ನು ಹಿಂದಕ್ಕೆ ಸರಿಸಲೇಬೇಕು. ಕಾರಿಗಾದರೆ ಹಳೆಯ ಟೈರುಗಳನ್ನು ಬಿಗಿದು ಕಟ್ಟಿದ ಗೋಡೆ ಸಾಕು. ಸವಾರನ ಮೈ ಜಾರಿ ಬಂದು ನಿಲ್ಲಲು ಕಲ್ಲಿಲ್ಲದ ಖಾಲಿ ಜಾಗ ಬೇಕು, ಅದರ ಕೊನೆಗೆ ಯಂತ್ರದಲ್ಲಿ ಕಟ್ಟಿದ ಹುಲ್ಲಿನ ಪೆಂಡಿಗಳನ್ನು ಜೋಡಿಸಬಹುದು. ಸಂಜೆ ನಾಲ್ಕರ ಮೇಲೆ ಕುರಿ ಹಿಂಡುಗಳು ಮರಳುವ ದಾರಿ ಇದಾಗಿದ್ದರೆ ಮೂರೂವರೆಗೇ ಮುಗಿಸಿ.

ಎರಡೂ ಗುಂಪಿನವರು ಒಟ್ಟಿಗೆ ಏನನ್ನೂ ಮಾಡುವಂತಿಲ್ಲವೇ ಎಂದರೆ, ಮಾಡಬಹುದಾದ ಒಳ್ಳೆಯ ಕೆಲಸ ಒಂದಿದೆ. ಬೆಳಿಗ್ಗೆ ಎಲ್ಲರೂ ಸೇರಿ ಟ್ರ್ಯಾಕನ್ನು ಕಾಲ್ನಡಿಗೆಯಲ್ಲಿ ಒಂದು ಸುತ್ತು ಹಾಕಿ. ಕಾಲು ಗಂಟೆಯ ಕೆಲಸ. ಆಮೇಲೆ ಸವಾರರನ್ನು ಕಾರುಗಳಲ್ಲಿ ಕೂರಿಸಿಕೊಂಡು ನಿಧಾನವಾಗಿ ಎರಡು ಸುತ್ತು ಹೋಗಿ, ಮುಂಗಾಜಿನ ಅಂಚಿನ ಕಂಬದ ಹಿಂದೆ ಒಂದಿಡೀ ಬೈಕು ಹೇಗೆ ಮರೆಯಾಗುತ್ತದೆ ಎಂಬುದನ್ನು ಅವರೇ ನೋಡಲಿ. ಬೈಕಿನ ಪಾಳಿಯಲ್ಲಿ ಕಾರಿನವರು ಮಾರ್ಷಲ್ ಆಗಿ ತಿರುವಿನಲ್ಲಿ ನಿಲ್ಲಲಿ, ಕಾರಿನ ಪಾಳಿಯಲ್ಲಿ ಬೈಕಿನವರು ನಿಲ್ಲಲಿ.

ನನ್ನ ಬಳಿ ಬಣ್ಣ ಬಳಿದ ನಾಲ್ಕು ಜೊತೆ ಹಲಗೆಗಳಿವೆ. ಶನಿವಾರ ಯಾರಾದರೂ ದಾವಣಗೆರೆಗೆ ಬರುವುದಾದರೆ ಒಯ್ಯಬಹುದು. ಸೋಮವಾರದೊಳಗೆ ಮರಳಿಸಿದರೆ ಸಾಕು.